ಗೌಂಡಿ ಉಣಿಸಿದ ನೀರು, ಪ್ರಯೋಗಾಲಯ ಹೀರುವ ನೀರು

ಬೈಲಹೊಂಗಲದ ಕಡೆ ಸ್ಲ್ಯಾಬ್ ಹಾಕಿದ ಮರುದಿನ ಗೌಂಡಿ ಅದರ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸುತ್ತಾನೆ, ಕಂಬಗಳಿಗೆ ಹಸಿ ಗೋಣಿಚೀಲ ಸುತ್ತುತ್ತಾನೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಈ ಜಲಸಂಯೋಜನೆಯೇ ಪ್ರಯೋಗಾಲಯಕ್ಕೆ ತೊಡಕು. ಏಳನೇ ದಿನದ ಸಿಮೆಂಟಿನೊಳಗೆ ಏನಿತ್ತೆಂದು ತಿಳಿಯಬೇಕಾದರೆ ಏಳನೇ ದಿನವೇ ಕ್ರಿಯೆ ನಿಲ್ಲಿಸಬೇಕು. ರಂಧ್ರಗಳಲ್ಲಿರುವ ಬಿಡಿ ನೀರು ಹೋಗಬೇಕು, ಹರಳುಗಳಲ್ಲಿ ಕಟ್ಟಿಕೊಂಡ ನೀರು ಉಳಿಯಬೇಕು.

ಈ ಸೀಮೆಗೆ ಸಿಮೆಂಟು ಹೊರಗಿನದಲ್ಲ. ಕಲಾದಗಿ ಶಿಲಾಸಮೂಹದ ಪದರಗಳಿಗೆ ಭೂವಿಜ್ಞಾನಿಗಳು ರಾಮದುರ್ಗ, ಸವದತ್ತಿ, ಯರಗಟ್ಟಿಯ ಹೆಸರುಗಳನ್ನೇ ಇಟ್ಟಿದ್ದಾರೆ. ಯಾದವಾಡ, ಬಾಗಲಕೋಟೆಗಳ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಈ ಸಮೂಹದ ಸುಣ್ಣಕಲ್ಲನ್ನು ನಂಬಿ.

ಪ್ರಯೋಗಾಲಯದಲ್ಲಿ ಆ ಬಿಡಿ ನೀರು ತೆಗೆಯುವ ಅತಿ ಸರಳ ದಾರಿ 105 ಡಿಗ್ರಿಯ ಓವನ್. ಆದರೆ ಎಟ್ರಿಂಗೈಟ್ ಎಂಬ ಹರಳು ಬಲು ಸೂಕ್ಷ್ಮ. ಒಂದು ಘಟಕದಲ್ಲಿ 32 ನೀರಿನ ಅಣುಗಳನ್ನು ಹೊತ್ತ ಅದು ಅಷ್ಟು ಬಿಸಿಗೆ ಕುಸಿದುಬಿಡುತ್ತದೆ. 1946–47ರಲ್ಲಿ ಅಮೆರಿಕದ ಪವರ್ಸ್ ಮತ್ತು ಬ್ರೌನ್ಯಾರ್ಡ್ ನಿರ್ವಾತದಲ್ಲಿ ಮೆಗ್ನೀಸಿಯಂ ಪರ್ಕ್ಲೋರೇಟ್ ಬಳಸಿ ಒಣಗಿಸಿದರು. 1953ರಲ್ಲಿ ಕೋಪ್‌ಲ್ಯಾಂಡ್ ಮತ್ತು ಹೇಯ್ಸ್ ಮೈನಸ್ 79 ಡಿಗ್ರಿಯ ಡ್ರೈ ಐಸ್ ನೆರವಿನಿಂದ ಆವಿ ಸೆಳೆಯುವ ಕ್ರಮ ತಂದರು. ಕಟ್ಟಿಕೊಂಡ ನೀರು ಎಷ್ಟೆಂದು ಅಳೆಯಲು ಇವು ದೊಡ್ಡ ಹೆಜ್ಜೆಗಳು, ಆದರೆ ಎಟ್ರಿಂಗೈಟನ್ನು ಇವೂ ಉಳಿಸಲಿಲ್ಲ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ವಿಧಾನದ್ದೂ ಇದೇ ದೋಷ.

ನಿಜವಾದ ತಿರುವು ಬಂದದ್ದು ನೀರನ್ನು ಓಡಿಸುವ ಬದಲು ಅದರ ಜಾಗಕ್ಕೆ ಬೇರೆ ದ್ರವ ತುಂಬಿದಾಗ. ಮೆಥನಾಲ್, ಅಸಿಟೋನ್ ಎರಡನ್ನೂ ಬಳಸಿದರು. ಆದರೆ ಈ ಸಾವಯವ ದ್ರವಗಳು ಸಿಮೆಂಟಿನೊಡನೆ ತಾವೇ ವರ್ತಿಸುತ್ತವೆಂಬುದನ್ನು 1987ರಲ್ಲಿ ಟೇಲರ್ ಮತ್ತು ಟರ್ನರ್ ಎತ್ತಿ ತೋರಿಸಿದರು. ಕಡೆಗೆ ಆಯ್ಕೆ ನಿಂತದ್ದು ಐಸೋಪ್ರೊಪನಾಲ್ ಮೇಲೆ, ಕೆಲವು ಸ್ಯಾನಿಟೈಸರ್‌ಗಳಲ್ಲಿರುವ ಆಲ್ಕೋಹಾಲೇ ಅದು. 2018ರಲ್ಲಿ ರೈಲೆಮ್ ಎಂಬ ಅಂತರರಾಷ್ಟ್ರೀಯ ಸಂಘದ ಸಮಿತಿಯೂ ಇದನ್ನೇ ಶಿಫಾರಸು ಮಾಡಿತು: ಸುಮಾರು ಮೂರು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ಐಸೋಪ್ರೊಪನಾಲ್‌ನಲ್ಲಿ ಹದಿನೈದು ನಿಮಿಷ ನೆನೆಸುವುದು, ಸೋಸುವುದು, ಈಥರಿನಿಂದ ತೊಳೆಯುವುದು, 40 ಡಿಗ್ರಿಯಲ್ಲಿ ಕೆಲವೇ ನಿಮಿಷ ಒಣಗಿಸುವುದು. ಸೂಕ್ಷ್ಮದರ್ಶಕಕ್ಕೆ ತೆಳು ಬಿಲ್ಲೆ ಬೇಕಾದರೆ ಮಾತ್ರ ದಿನಗಟ್ಟಲೆ ನೆನೆಸಬೇಕು.

ಇದೂ ಕುಂದಿಲ್ಲದ ವಿಧಾನವಲ್ಲ. ಒಳಗೆ ಉಳಿದ ಆಲ್ಕೋಹಾಲು ಕಾಯಿಸಿ ತೂಗುವಾಗ ಕಾರ್ಬೋನೇಟಿನಂತೆ ಕಾಣಿಸಿಕೊಳ್ಳಬಹುದು. ಅದಕ್ಕೇ ಮಾದರಿಯ ನೀರನ್ನು ಹೇಗೆ ತೆಗೆದರೆಂದು ಬರೆಯದ ವರದಿಯ ಅಂಕಿಗಳನ್ನು ನಾನು ನಂಬುವುದಿಲ್ಲ.

ಮಲಪ್ರಭೆಯ ಕಬ್ಬಿನ ನಾಡಿಗೆ ಕ್ರಿಯೆ ನಿಲ್ಲಿಸುವ ಈ ವಿಚಾರ ಇನ್ನಷ್ಟು ಹತ್ತಿರದ ಮಾತು. ಸಕ್ಕರೆ ಬೆರೆತರೆ ಸಿಮೆಂಟು ಗಟ್ಟಿಯಾಗುವುದು ತಡವಾಗುತ್ತದೆ, ಆದರೆ ನೀರು ಒಳಗೇ ಉಳಿಯುವುದರಿಂದ ಪ್ರಯೋಗಾಲಯಕ್ಕೆ ಅದರಿಂದ ಪ್ರಯೋಜನವಿಲ್ಲ. ಕಬ್ಬಿನ ಸಿಪ್ಪೆ ಉರಿದುಳಿದ ಬೂದಿಯನ್ನು ಸಿಮೆಂಟಿಗೆ ಬೆರೆಸಿದರೆ ಅದು ಅಲ್ಲಿಯ ಸುಣ್ಣವನ್ನು ನಿಧಾನವಾಗಿ ತಿನ್ನುತ್ತದೆ. 7, 28, 90ನೇ ದಿನಗಳಲ್ಲಿ ಎಷ್ಟೆಷ್ಟು ತಿಂದಿತೆಂದು ಹೇಳಬೇಕಾದರೆ ಆಯಾ ದಿನವೇ ಕ್ರಿಯೆಯನ್ನು ತಡೆದಿರಬೇಕು. ತಡೆದ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ತೇವವನ್ನೂ ಹೀರುತ್ತದೆ. ರಾಮದುರ್ಗದ ಒಣ ಹವೆಗಿಂತ ಕಿತ್ತೂರಿನ ಮಳೆಗಾಲದಲ್ಲಿ ತೇವದ ಕಾಟ ಹೆಚ್ಚು; ಡೆಸಿಕೇಟರ್ ಎಂಬ ಬಿಗಿಮುಚ್ಚಳದ ಪಾತ್ರೆಯಲ್ಲಿ ಸಿಲಿಕಾ ಜೆಲ್ ಜೊತೆಗೆ ಸೋಡಾ ಲೈಮ್ ಕೂಡ ಇಟ್ಟು, ಆದಷ್ಟು ಬೇಗ ಪರೀಕ್ಷೆ ಮುಗಿಸಬೇಕು.