ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಜೀಪ್ ತಗೋತೀರಾ? ಟಾರ್ ರಸ್ತೆಯಲ್ಲಷ್ಟೇ ಓಡಿಸಿ ಅಡ್ವಾನ್ಸ್ ಕೊಡಬೇಡಿ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ತೋಟದ ದಾರಿಗೆ ಫೋರ್‌ವೀಲ್ ಗಾಡಿ ಬೇಕೇ ಬೇಕು. ಹೊಸದಕ್ಕೆ ದುಡ್ಡು ಸಾಲದವರು ಹಳೇ ಮಹೀಂದ್ರ ಜೀಪ್, ಬೊಲೆರೊ ಕ್ಯಾಂಪರ್, ಜಿಪ್ಸಿ, ಥಾರ್ ಹುಡುಕುತ್ತಾರೆ. ಆದರೆ ಟಾರ್ ರಸ್ತೆಯಲ್ಲಿ ಈ ಗಾಡಿಗಳು ಓಡುವುದು ಹಿಂದಿನ ಎರಡು ಚಕ್ರದ ಬಲದಿಂದ. ಮುಂದಿನ ಚಕ್ರಕ್ಕೆ ಬಲ ಕೊಡುವ ಭಾಗ ಕೆಟ್ಟಿದ್ದರೂ ಅಲ್ಲಿ ಗೊತ್ತೇ ಆಗೋದಿಲ್ಲ. ಮೊದಲ ಮಳೆಗೆ ಗಾಡಿ ಹೂತುಕೊಂಡಾಗಲೇ ಗೊತ್ತಾಗೋದು.

ಕೆಸರಲ್ಲೇ ಪರೀಕ್ಷೆ ಮಾಡಿ

ಗಾಡಿಯನ್ನು ಸಡಿಲ ಮಣ್ಣು ಅಥವಾ ಕೆಸರಿರುವ ಜಾಗಕ್ಕೆ ತರಿಸಿ. ಕೆಲವು ಹಳೇ ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ ಅನ್ನು ಕೈಯಿಂದ ಲಾಕ್ ಮಾಡಬೇಕು, ಅದು ತಿರುಗುತ್ತದೆಯೇ ನೋಡಿ. ಫೋರ್‌ವೀಲ್ ಹಾಕಿ ನಿಧಾನಕ್ಕೆ ಹೊರಡಿಸಿ, ಪಕ್ಕದಲ್ಲಿ ದೂರ ನಿಂತು ನೋಡಿ. ಮುಂದಿನ ಚಕ್ರವೂ ಮಣ್ಣು ಹಿಡಿದು ಎಳೀಬೇಕು. ಆಮೇಲೆ ಲೋ ಗೇರ್ ಹಾಕಿ ದಿಣ್ಣೆ ಹತ್ತಿಸಿ. ಲಿವರ್ ತಾನಾಗೇ ಹೊರಬಂದರೆ, ಕಟಕಟ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸ್ ಅಥವಾ ಜಾಯಿಂಟ್ ಸವೆದಿರಬಹುದು. ಫೋರ್‌ವೀಲ್ ಹಾಕಿ ಗಟ್ಟಿ ರಸ್ತೆಯಲ್ಲಿ ತಿರುಗಿಸಬೇಡಿ, ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ನಾಲ್ಕೂ ಟೈರ್ ಒಂದೇ ಅಳತೆಯವೇ ಅನ್ನೋದನ್ನೂ ನೋಡಿ.

ಗಾಡಿ ಕೆಳಗೆ ಇಣುಕಿ

ಚಾಸಿಸ್‌ಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಅದರ ಅಡಿಯಲ್ಲಿ ತುಕ್ಕು, ವೆಲ್ಡಿಂಗ್ ಇರಬಹುದು. ಸ್ಪ್ರಿಂಗ್ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಸುತ್ತ ಬಿರುಕು ಹುಡುಕಿ. ಮೆಕ್ಯಾನಿಕ್ ಹತ್ತಿರ ಗೇರ್‌ಬಾಕ್ಸ್, ಮುಂದಿನ ಡಿಫರೆನ್ಶಿಯಲ್ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಕಬ್ಬಿಣದ ಚೂರು ಬಂದರೆ ಹಲ್ಲು ಮುರಿದಿದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಅದು ಆಯಿಲ್ ಸುಡುತ್ತಿದೆ.

ಕಾಗದ ಪತ್ರ

ಚಾಸಿಸ್ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಣ ಆಗಿದೆಯೇ ಕೇಳಿ. ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಪಡೀರಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ಕೇರಳದ ಗಾಡಿಯಾದರೆ ಅಲ್ಲಿಯ ಆರ್‌ಟಿಓ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅದನ್ನೂ ಲೆಕ್ಕ ಹಾಕಿಯೇ ದರ ಮಾತಾಡಿ. ವಿಮೆಯನ್ನು ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ.

ಮಾರುವವರಿಗೂ ಒಂದು ಮಾತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ಹಳೇ ಮಾಲೀಕರ ತಲೆಗೇ ಬರಬಹುದು. ಹಾಗಾಗಿ ಬರೀ ಬಾಂಡ್ ಪೇಪರ್ ಸಹಿ ಸಾಲದು, ಹೆಸರು ಬದಲಾಗುವವರೆಗೆ ಇಬ್ಬರೂ ಬೆನ್ನು ಹತ್ತಬೇಕು.