ಗಡಿನಾಡಿನಲ್ಲಿ ತಾಯಿ-ಮಕ್ಕಳ ಆರೈಕೆ: ಒಂದು ಇತಿಹಾಸ

ಹಗರಿಯ ಸೀಮೆಯ ಕಣೇಕಲ್ಲು ತನ್ನ ಹಿರಿಯ ಕೆರೆಯಿಂದ ಹೆಸರಾದ ಊರು. ರಾಯದುರ್ಗದ ಕೋಟೆಯನ್ನೂ ಅದನ್ನಾಳಿದ ಪಾಳೆಯಗಾರರನ್ನೂ ಕುರಿತು ಇತಿಹಾಸಕಾರರು ಬರೆದಿರುವರು. ಆದರೆ ಈ ಸೀಮೆಯ ತಾಯಂದಿರು ಹೇಗೆ ಹೆತ್ತರು, ಹಸುಗೂಸುಗಳು ಹೇಗೆ ಉಳಿದವು, ಎಷ್ಟೋ ಕೂಸುಗಳು ಏಕೆ ಉಳಿಯಲಿಲ್ಲ ಎಂಬುದೂ ನಾಡಿನ ಇತಿಹಾಸವೇ ಸರಿ. ಆ ವಿಷಯವನ್ನು ವಾಚಕರ ಮುಂದಿಡಬಯಸುತ್ತೇವೆ.

1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಇದು ಮದರಾಸಿನ ಆಡಳಿತಕ್ಕೆ ಸೇರಿತು. 1844ರಲ್ಲಿ ಮದರಾಸು ನಗರದಲ್ಲಿ ಹೆರಿಗೆ ಆಸ್ಪತ್ರೆ ತೆರೆಯಿತು. ಹಳ್ಳಿಗಾದರೋ ಸೂಲಗಿತ್ತಿಯೇ ಆಸ್ಪತ್ರೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಬಯಕೆ ತೀರಿಸುವುದು, ಬಾಣಂತಿಗೆ ಎಣ್ಣೆ-ನೀರು, ಪಥ್ಯ, ವಿಶ್ರಾಂತಿ: ಇವು ನಮ್ಮ ಹಿರಿಯರು ಕಂಡುಕೊಂಡ ಒಳ್ಳೆಯ ಕಟ್ಟಳೆಗಳು. ನೋವಿನ ಹೊತ್ತಿನಲ್ಲಿ ಬಲ್ಲ ಹೆಂಗಸೊಬ್ಬಳು ಬಳಿಯಿರುವುದು ಎಂತಹ ಧೈರ್ಯವೆಂಬುದನ್ನು ಇಂದಿನ ವೈದ್ಯರೂ ಒಪ್ಪುವರು.

ಆದರೆ ಗುಣದೊಡನೆ ದೋಷವೂ ಇತ್ತು. ಗಾಳಿಬೆಳಕಿಲ್ಲದ ಕೋಣೆ, ಕುದಿಸದ ಕುಡುಗೋಲು, ಹೊಕ್ಕುಳಿಗೆ ಹಚ್ಚಿದ ಬೂದಿ, ಸೆಗಣಿ ಇವುಗಳಿಂದ ಧನುರ್ವಾಯು ಹತ್ತುತ್ತಿತ್ತು. ಹುಟ್ಟಿದ ವಾರದೊಳಗೆ ಕೂಸು ಬಾಯಿಕಟ್ಟಿ, ಮೈ ಸೆಟೆದು ಸಾಯುತ್ತಿತ್ತು. ಜನರು ಅದನ್ನು ಬಾಲಗ್ರಹವೆಂದು ತಿಳಿದು ಅಂತ್ರಕ್ಕೆ ಓಡಿದರು. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿದರು.

ಇಂತಹ ಅಜ್ಞಾನವು ನಮ್ಮೊಬ್ಬರದೇ ಅಲ್ಲ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲೇ ವೈದ್ಯರು ತೊಳೆಯದ ಕೈಗಳಿಂದ ಬಾಣಂತಿಯರಿಗೆ ಜ್ವರವನ್ನು ಹರಡುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರೆಂದು ಸೆಮ್ಮೆಲ್‌ವೈಸ್ ವಿಧಿಸಿದೊಡನೆ ಸಾವು ಬಹಳ ಇಳಿಯಿತು. ಆದರೂ ಪಂಡಿತರು ಅವನನ್ನು ನಂಬಲಿಲ್ಲ. ಹೀಗಿರಲು, ಓದು ಕಾಣದ ನಮ್ಮ ಸೂಲಗಿತ್ತಿಯನ್ನು ಮಾತ್ರ ಹಳಿಯುವುದು ನ್ಯಾಯವಲ್ಲ.

1885ರಲ್ಲಿ ಲೇಡಿ ಡಫರಿನ್ ನಿಧಿಯೂ, 1903ರಲ್ಲಿ ಸೂಲಗಿತ್ತಿಯರ ತರಬೇತಿಗೆಂದು ವಿಕ್ಟೋರಿಯಾ ಸ್ಮಾರಕ ನಿಧಿಯೂ ಹುಟ್ಟಿದುವು. ಆದರೂ 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಕೂಸುಗಳು ಹುಟ್ಟಿದರೆ 162 ಕೂಸುಗಳು ವರ್ಷ ತುಂಬುವ ಮುನ್ನವೇ ಸಾಯುತ್ತಿದ್ದುವೆಂದು 1946ರ ಭೋರ್ ಸಮಿತಿಯ ವರದಿ ಹೇಳುತ್ತದೆ. ಆ ವರದಿಯ ಫಲವಾಗಿಯೇ 1952ರಿಂದೀಚೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಾಡಿಗೆ ಬಂದುವು.

ಅಷ್ಟರಲ್ಲಿ ಗಡಿಯ ಗೆರೆ ಬಿದ್ದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಕಣೇಕಲ್ಲಿಗೆ ಬಳ್ಳಾರಿ ಹತ್ತಿರ, ಅನಂತಪುರ ದೂರ. ಆದರೂ ಜಿಲ್ಲೆ ಅನಂತಪುರವಾಯಿತು. 1966ರಲ್ಲಿ ತೆಲುಗು ರಾಜ್ಯದ ಆಡಳಿತ ಭಾಷೆಯಾಯಿತು. ತೆಲುಗು ನಮಗೆ ಪರಕೀಯವಲ್ಲ. ನೆರೆಮನೆಯ ನುಡಿ, ಸಂತೆಯ ನುಡಿ. ಆದರೆ ತುಂಬು ಬಸುರಿಗೆ ಅಪಾಯದ ಕುರುಹುಗಳನ್ನು ಹೇಳುವಾಗ ಆಕೆಯ ಮನೆಯ ಮಾತೇ ಬೇಕು. ಅರೆಬರೆ ತಿಳಿದ ಸೂಚನೆಯಿಂದ ಪ್ರಾಣಕ್ಕೇ ಕುತ್ತು ಬರಬಹುದು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಮುಂತಾದ ಗ್ರಂಥಗಳಿವೆ. ಅವು ಗಡಿಯಾಚೆಯ ಮನೆಗಳಿಗೂ ಮುಟ್ಟಬೇಕು.

ನುಡಿಯ ಗೆರೆಯನ್ನು ಕರುಣೆಯು ಹೇಗೆ ದಾಟುವುದೆಂಬುದಕ್ಕೆ ಮಡಕಶಿರದ ನೆರೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರೇ ಸಾಕ್ಷಿ. ಅಜ್ಜಿಯಿಂದ ಕಲಿತ ವಿದ್ಯೆಯಿಂದ ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಕಾಲವಾದರು.

ಕಾಲ ಬದಲಾಗಿದೆ. 1969ರಲ್ಲಿ ಅನಂತಪುರಕ್ಕೆ ಬಂದ ವಿಸೆಂಟ್ ಫೆರರ್ ಅವರ ಗ್ರಾಮೀಣಾಭಿವೃದ್ಧಿ ಸಂಸ್ಥೆ ಕಣೇಕಲ್ಲಿನಲ್ಲಿಯೂ ಆಸ್ಪತ್ರೆಯನ್ನು ನಡೆಸಿತು. 2005ರಲ್ಲಿ 108 ವಾಹನ ಬಂದಿತು. ಅದೇ ವರ್ಷ ಆಸ್ಪತ್ರೆಯ ಹೆರಿಗೆಗೆ ಸಹಾಯಧನ ನೀಡುವ ಜನನಿ ಸುರಕ್ಷಾ ಯೋಜನೆಯೂ ಆರಂಭವಾಯಿತು. 2015ರಲ್ಲಿ ತಾಯಿ-ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಚುಚ್ಚುಮದ್ದು, ಶುದ್ಧವಾದ ಕೈ, ಶುದ್ಧವಾದ ಅಲಗು ಇವೇ ಬಾಲಗ್ರಹವನ್ನು ಓಡಿಸಿದ ಮಂತ್ರಗಳು.

ಈ ಇತಿಹಾಸದಿಂದ ಮನೆಯವರು ನೆನಪಿಡಬೇಕಾದುದು ಇಷ್ಟು. ಬಸಿರು ತಿಳಿದೊಡನೆ ಹೆಸರು ಬರೆಸಿ, ನಾಲ್ಕು ಸಲಕ್ಕೆ ಕಡಿಮೆಯಾಗದಂತೆ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಗುಳಿಗೆ, ಧನುರ್ವಾಯುವಿನ ಚುಚ್ಚುಮದ್ದು ತಪ್ಪಬಾರದು. ಬಾಣಂತಿಗೆ ಹೊಟ್ಟೆತುಂಬ ಊಟ, ಸೊಪ್ಪು, ಬೇಳೆ, ನೀರು ಬೇಕು. ಪಥ್ಯದ ಹೆಸರಿನಲ್ಲಿ ಉಪವಾಸ ಸಲ್ಲದು. ಹುಟ್ಟಿದ ಗಂಟೆಯೊಳಗೆ ಕೂಸಿಗೆ ಮೊಲೆಯೂಡಿಸಬೇಕು. ಆ ಮೊದಲ ಹಾಲೇ ಮೊದಲ ರಕ್ಷೆ. ಆರು ತಿಂಗಳು ತಾಯಿಹಾಲಲ್ಲದೆ ಜೇನು, ನೀರು, ಬಜೆ ಯಾವುದೂ ಬೇಡ. ಮೊದಲ ದಿನ ಸ್ನಾನ ಮಾಡಿಸದೆ, ತಾಯಿಯ ಎದೆಗೊತ್ತಿ ಬೆಚ್ಚಗಿಡಬೇಕು. ಹೊಕ್ಕುಳಿಗೆ ಏನನ್ನೂ ಹಚ್ಚಬಾರದು. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಸೆಳವು, ಜ್ವರ, ಕೂಸು ಹಾಲು ಬಿಡುವುದು, ಮೈ ತಣ್ಣಗಾಗುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಡಿನಾಡಿನ ಕನ್ನಡ ಸಂಘಗಳು ನಾಡಹಬ್ಬ, ನಾಟಕಗಳನ್ನು ನಡೆಸುತ್ತಿವೆ, ಅವು ನಡೆಯಲಿ. ಅದರೊಡನೆ ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಬಸುರಿಯರ ಮನೆಗಳಿಗೆ ಮುಟ್ಟಿಸಲಿ; ಹಿರಿಯ ಸೂಲಗಿತ್ತಿಯರ ಅನುಭವಗಳನ್ನು ಬರೆದಿಡಲಿ. ನುಡಿ ಬಾಳಬೇಕಾದರೆ ಅದನ್ನಾಡುವ ಕೂಸು ಮೊದಲು ಬದುಕಬೇಕು.