ಓದುಗರ ಬಳಗ

ಓದುಗರ ಬಳಗ ಎಂದರೆ ಒಂದೇ ಪುಸ್ತಕವನ್ನು ಓದಿ, ನಿಗದಿತ ದಿನದಂದು ಒಂದೆಡೆ ಸೇರಿ ಅದರ ಕುರಿತು ಚರ್ಚಿಸುವ ಸಣ್ಣ ಗುಂಪು. ಇದನ್ನು ಬುಕ್ ಕ್ಲಬ್, ಪುಸ್ತಕ ಕೂಟ ಎಂದೂ ಕರೆಯಲಾಗುತ್ತದೆ. ಇದಕ್ಕೆ ನೋಂದಣಿ, ಪದಾಧಿಕಾರಿಗಳು ಅಥವಾ ವೇದಿಕೆಯ ಅಗತ್ಯವಿಲ್ಲ. ಭಾಷಣಕಾರ ಮತ್ತು ಸಭಿಕ ಎಂಬ ಭೇದವಿಲ್ಲದೆ ಎಲ್ಲರಿಗೂ ಮಾತನಾಡುವ ಅವಕಾಶವಿರುವುದು ಇದರ ಮುಖ್ಯ ಲಕ್ಷಣವಾಗಿದೆ.

ಇತಿಹಾಸ

ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ 'ಜಂಟೊ' ಎಂಬ ಚರ್ಚಾಕೂಟವನ್ನು ಆರಂಭಿಸಿದರು. ಅದರ ಸದಸ್ಯರು ಶುಕ್ರವಾರ ಸಂಜೆ ಸೇರುತ್ತಿದ್ದರು. ಎಲ್ಲರ ಪುಸ್ತಕಗಳನ್ನೂ ಒಂದೇ ಕೋಣೆಯಲ್ಲಿರಿಸಿ ಹಂಚಿಕೊಳ್ಳುವ ಅವರ ಪ್ರಯತ್ನವು ಸರಿಯಾದ ಮೇಲ್ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷದಲ್ಲಿ ನಿಂತಿತು. ಅನಂತರ 1731ರಲ್ಲಿ ಚಂದಾದಾರರ ಗ್ರಂಥಾಲಯವಾದ 'ಲೈಬ್ರರಿ ಕಂಪನಿ ಆಫ್ ಫಿಲಡೆಲ್ಫಿಯಾ' ಸ್ಥಾಪನೆಯಾಯಿತು.

ಇಂತಹ ಕೂಟಗಳು ವಿದ್ಯಾಭ್ಯಾಸದಿಂದ ವಂಚಿತರಾದವರಿಗೆ ಪಾಠಶಾಲೆಗಳಾದುದೂ ಉಂಟು. ಅಮೆರಿಕದಲ್ಲಿ ಮಹಿಳೆಯರಿಗೆ ಉನ್ನತ ಶಿಕ್ಷಣ ದುರ್ಲಭವಾಗಿದ್ದಾಗ, ಮಾರ್ಗರೆಟ್ ಫುಲ್ಲರ್ 1839ರಲ್ಲಿ ಬಾಸ್ಟನ್‌ನಲ್ಲಿ ಅವರಿಗಾಗಿ ಸಂವಾದ ಸರಣಿಯನ್ನು ಆರಂಭಿಸಿದರು. ಸ್ವೀಡನ್ನಿನಲ್ಲಿ ಆಸ್ಕರ್ ಓಲ್ಸನ್ 1902ರಲ್ಲಿ ಲುಂಡ್ ನಗರದಲ್ಲಿ ಆರಂಭಿಸಿದ ಅಧ್ಯಯನ ವೃತ್ತವು ಮುಂದೆ ವಯಸ್ಕರ ಶಿಕ್ಷಣ ಚಳವಳಿಯಾಗಿ ಬೆಳೆಯಿತು.

ಕರ್ನಾಟಕದಲ್ಲಿ

ಕನ್ನಡನಾಡಿನಲ್ಲಿ ಕಾವ್ಯವನ್ನು ಜೊತೆಯಾಗಿ ಅನುಭವಿಸುವ ಹಳೆಯ ಕ್ರಮವೆಂದರೆ ಗಮಕ. ಗಮಕಿಯು ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಮುಂತಾದ ಕಾವ್ಯಗಳನ್ನು ರಾಗವಾಗಿ ವಾಚಿಸಿದರೆ, ವ್ಯಾಖ್ಯಾನಕಾರರು ಅರ್ಥವನ್ನು ವಿವರಿಸುತ್ತಾರೆ. ಇದರಿಂದ ಅಕ್ಷರ ಬಾರದವರಿಗೂ ಕಾವ್ಯ ದೊರೆಯುತ್ತಿತ್ತು. ಆದರೆ ಗಮಕದಲ್ಲಿ ಶ್ರೋತೃಗಳು ಕೇಳುಗರಾಗಿಯೇ ಉಳಿಯುತ್ತಾರೆ. ಓದುಗರ ಬಳಗದಲ್ಲಿ ಅವರೇ ವ್ಯಾಖ್ಯಾನಕಾರರೂ ಆಗುತ್ತಾರೆ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ 'ಕಬ್ಬನ್ ರೀಡ್ಸ್' ಮೌನ ಓದಿನ ಕೂಟವಾಗಿದೆ. ಇಲ್ಲಿ ಪ್ರತಿಯೊಬ್ಬರೂ ತಮ್ಮಿಷ್ಟದ ಪುಸ್ತಕವನ್ನು ತಂದು ಮರದ ನೆರಳಿನಲ್ಲಿ ಓದುತ್ತಾರೆ, ಚರ್ಚೆ ಕಡ್ಡಾಯವಲ್ಲ.

ರಚನೆ ಮತ್ತು ನಿರ್ವಹಣೆ

ಸ್ಥಳೀಯ ಬಳಗಗಳ ಮಾಹಿತಿ ಸಾಮಾನ್ಯವಾಗಿ ಸಾರ್ವಜನಿಕ ಗ್ರಂಥಾಲಯ, ಪುಸ್ತಕದಂಗಡಿ ಮತ್ತು ಕಾಲೇಜುಗಳ ಸೂಚನಾ ಫಲಕಗಳಲ್ಲಿ ದೊರೆಯುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರವು ಇಂತಹ ಕೂಟಕ್ಕೆ ತಕ್ಕ ಸ್ಥಳವಾಗಬಲ್ಲದು. ಹತ್ತಿರದಲ್ಲಿ ಬಳಗವಿಲ್ಲದಿದ್ದರೆ ಮೂರು ನಾಲ್ಕು ಜನರಿಂದಲೇ ಹೊಸದನ್ನು ಆರಂಭಿಸಬಹುದು. ಗುಂಪು ತೀರಾ ದೊಡ್ಡದಾದಂತೆ ಪ್ರತಿಯೊಬ್ಬರಿಗೂ ಮಾತಿನ ಸರದಿ ಸಿಗುವುದು ಕಷ್ಟವಾಗುತ್ತದೆ.

ಪುಸ್ತಕವನ್ನು ಆಯ್ಕೆ ಮಾಡುವಾಗ ಅದರ ಗಾತ್ರ, ಬೆಲೆ ಮತ್ತು ಪ್ರತಿಗಳ ಲಭ್ಯತೆಯನ್ನು ಗಮನಿಸಲಾಗುತ್ತದೆ. ಬೇರೆ ಬೇರೆ ಭಾಷೆಯ ಓದುಗರಿರುವ ಬಳಗಕ್ಕೆ ಅನುವಾದಗೊಂಡ ಕೃತಿ ಅನುಕೂಲಕರ. ಉದಾಹರಣೆಗೆ, ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ಕೆಲವರು ಕನ್ನಡದಲ್ಲಿಯೂ, ಉಳಿದವರು ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿಯೂ ಓದಿ ಒಟ್ಟಿಗೆ ಚರ್ಚಿಸಬಹುದು.

ಸಮಸ್ಯೆಗಳು

ಪುಸ್ತಕವನ್ನು ಮುಗಿಸಲಾಗದವರು ಸಂಕೋಚದಿಂದ ಸಭೆಗೆ ಬಾರದಿರುವುದು, ಒಬ್ಬಿಬ್ಬರೇ ಮಾತನಾಡುವುದು ಹಾಗೂ ಎಲ್ಲ ಹೊಣೆಯೂ ಒಬ್ಬರ ಮೇಲೆಯೇ ಬೀಳುವುದು ಬಳಗಗಳು ಚದುರಲು ಸಾಮಾನ್ಯ ಕಾರಣಗಳು. ಅರ್ಧ ಓದಿದವರನ್ನೂ ಬರಮಾಡಿಕೊಳ್ಳುವುದು, ಸರದಿಯಂತೆ ಮಾತನಾಡುವುದು ಮತ್ತು ಪುಸ್ತಕದ ಆಯ್ಕೆಯನ್ನೂ ಸಭೆಯ ನಿರ್ವಹಣೆಯನ್ನೂ ಪ್ರತಿ ತಿಂಗಳು ಬೇರೆಯವರಿಗೆ ವಹಿಸುವುದು ಇವುಗಳಿಗೆ ರೂಢಿಯಲ್ಲಿರುವ ಪರಿಹಾರಗಳಾಗಿವೆ. ದಿನ, ವೇಳೆ ಮತ್ತು ಸ್ಥಳಗಳನ್ನು ಪದೇ ಪದೇ ಬದಲಿಸದಿರುವುದೂ ಬಳಗದ ಬಾಳಿಕೆಗೆ ನೆರವಾಗುತ್ತದೆ.